ಕತ್ತರಿ ಹುಡುಕಿಕೊಂಡು

ಬಾಗಿಲು ತೆರೆದ ಕೂಡಲೇ ಒಳಗಿನ ನಗು ನಿಂತಿತು. ಮಂಚದ ಮೇಲೆ ಒಬ್ಬರಿಗೊಬ್ಬರು ಒರಗಿ ಕುಳಿತಿದ್ದ ಹೆಣ್ಣುಮಕ್ಕಳಿಬ್ಬರೂ ಅಮ್ಮನ ಮುಖ ನೋಡಿದರು. “ಏನಮ್ಮಾ, ಏನ್ ಬೇಕಿತ್ತು?” ಎಂದಳು ದೊಡ್ಡವಳು.

ಅಮ್ಮ ಹೊಲಿಗೆ ಬಿಟ್ಟು ಆ ನಗುವಿಗಾಗಿಯೇ ಎದ್ದು ಬಂದಿದ್ದಳು. ನನಗೂ ಹೇಳ್ರೇ ಎನ್ನಲು ಯಾಕೋ ಬಾಯಿ ಬರಲಿಲ್ಲ. “ಕತ್ತರಿ ಎಲ್ಲಿಟ್ನೋ ಅಂತ ಹುಡುಕ್ತಿದ್ದೆ,” ಎಂದಳು.

“ನಿನ್ನ ಕೈಯಲ್ಲೇ ಇದ್ಯಲ್ಲಮ್ಮಾ,” ಎಂದಳು ಚಿಕ್ಕವಳು ಮೆತ್ತಗೆ. ಮೊನ್ನೆ ಮೊನ್ನೆಯವರೆಗೂ ಶಾಲೆಯ ಸುದ್ದಿಯನ್ನೆಲ್ಲ ಹೊಲಿಗೆ ಮಿಷನ್ನಿನ ಪಕ್ಕ ನಿಂತು ಒಂದೂ ಬಿಡದೆ ಒದರುತ್ತಿದ್ದವಳು ಇವಳೇ.

“ಹಾಳು ಮರೆವು ನಂದು,” ಎಂದು ಅಮ್ಮ ಬಾಗಿಲೆಳೆದುಕೊಂಡಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಒಳಗೆ ನಗು ಮತ್ತೆ ಉಕ್ಕಿತು. ತನ್ನನ್ನು ಕಂಡೇ ನಕ್ಕರೋ, ಬೇರೆ ಯಾವುದಕ್ಕೋ, ತಿಳಿಯಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಅವರಿಗೆ ಕೇಳಿಸದಂತೆ, ತಾನೂ ಜೊತೆಗೆ ನಕ್ಕಳು.