ಮೌನಿಯ ಅವಸರ

ಸೈಕಲ್ ಓಟದ ಬಾವುಟ ಕೆಳಗಿಳಿದು ಎರಡು ನಿಮಿಷವೂ ಆಗಿರಲಿಲ್ಲ, ಎದುರಾಳಿ ತಂಡದ ಮೌನಿ ಗುಂಪಿನಿಂದ ಸಿಡಿದು ಒಬ್ಬನೇ ಮುಂದೆ ಓಡಿದ.

“ಇವನಿಗೇನು ಹುಚ್ಚು ಹಿಡಿದಿದೆಯಾ?” ಹಿಂದೆ ಕಾರಿನಲ್ಲಿ ಬರುತ್ತಿದ್ದ ಮ್ಯಾನೇಜರ್ ಸ್ಟೀರಿಂಗ್ ಗುದ್ದಿದರು.

“ಹುಚ್ಚಲ್ಲ ಸಾರ್, ಏನೋ ಇದೆ,” ಎಂದ ಮೆಕ್ಯಾನಿಕ್, ಹಿಂದಿನ ಸೀಟಿನಲ್ಲಿ ಎರಡು ಚಕ್ರಗಳನ್ನು ತಬ್ಬಿಕೊಂಡು.

ಏನೋ ಇರಲೇಬೇಕು. ಗುಡ್ಡವಿಲ್ಲ, ದಿಬ್ಬವಿಲ್ಲ, ನೂರಾ ಎಪ್ಪತ್ತು ಕಿಲೋಮೀಟರ್ ಅಂಗೈಯಂಥ ರಸ್ತೆ. ಇಂಥ ದಿನ ನೂರೈವತ್ತು ಸವಾರರೂ ಹರಟೆ ಹೊಡೆಯುತ್ತ ಒಟ್ಟಿಗೆ ಸಾಗುತ್ತಾರೆ. ಕೊನೆಯ ಇನ್ನೂರು ಮೀಟರಿನಲ್ಲಿ ವೇಗದ ಹುಲಿಗಳು ಜೀವದ ಹಂಗು ತೊರೆದು ನುಗ್ಗುತ್ತಾರೆ. ಒಂಟಿಯಾಗಿ ಮುಂದೆ ಹೋದವನಿಗೆ ಎದುರುಗಾಳಿ ಕುಡಿಯುವುದೊಂದೇ ಕೆಲಸ. ಎದುರಾಳಿ ತಂಡದಲ್ಲಿ ಹನ್ನೊಂದು ವರ್ಷ ಬೇರೆಯವರಿಗೆ ಗಾಳಿ ತಡೆದು, ನೀರಿನ ಬಾಟಲಿ ಹೊತ್ತ ಮೌನಿಗೆ ಇದು ಗೊತ್ತಿಲ್ಲವೆ?

ಬೆಳಿಗ್ಗೆಯೇ ಮ್ಯಾನೇಜರರಿಗೆ ಅನುಮಾನ ಬಂದಿತ್ತು. ಯಾರ ಜೊತೆಗೂ ಮಾತಾಡದ ಆಸಾಮಿ, ತಾನಾಗಿಯೇ ಬಂದು “ನಮಸ್ಕಾರ ಸಾರ್” ಅಂದಿದ್ದ. ಸವಾರರೆಲ್ಲ ಕಾಲಿನ ಕೂದಲು ತೆಗೆಯುತ್ತಾರೆ, ಸರಿ. ಇವನು ವರ್ಷಗಳಿಂದ ಸಾಕಿದ್ದ ಗಡ್ಡವನ್ನೂ ನುಣ್ಣಗೆ ಬೋಳಿಸಿದ್ದ.

ಎದುರಾಳಿ ತಂಡದ ಕಾರು ಪಕ್ಕಕ್ಕೆ ಬಂತು. ಆ ತಂಡದ ಮ್ಯಾನೇಜರ್ ಕಿಟಕಿಯಿಂದ ಕೈ ಚೆಲ್ಲಿದ. “ನಮ್ಮನ್ನು ಕೇಳಬೇಡಿ. ಕಿವಿಯಿಂದ ರೇಡಿಯೋ ಕಿತ್ತು ಜೇಬಿಗೆ ಹಾಕ್ಕೊಂಡಿದ್ದಾನೆ!”

“ನಾಟಕ!” ಎಂದರು ಮ್ಯಾನೇಜರ್. ಇವತ್ತಿನ ಓಟ ಮುಗಿಯುವುದು ಅವರದೇ ಊರಿನಲ್ಲಿ. ಅವರ ತಂಡ ಗೆಲುವಿನ ಮುಖ ನೋಡಿ ಎರಡು ವರ್ಷವಾಗಿತ್ತು. ಮಿಡತೆ ಎಂದೇ ಹೆಸರಾದ ಅವರ ವೇಗದ ಸವಾರ ಈ ಬಾರಿಯೂ ಗೆಲ್ಲದಿದ್ದರೆ ಬರುವ ವರ್ಷ ತಂಡವೇ ಇರುವುದಿಲ್ಲ.

ಅಷ್ಟರಲ್ಲಿ ಫೋನ್. ಮೆಕ್ಯಾನಿಕ್ ಸ್ಪೀಕರ್ ಹಾಕಿದ. ಮಗಳು.

“ಅಪ್ಪಾ, ಎಷ್ಟು ಗಂಟೆಗೆ ಮುಗಿಯುತ್ತೆ?”

“ಐದು ದಾಟುತ್ತೆ. ಯಾಕಮ್ಮಾ?”

“ಸುಮ್ನೆ. ಟೀವಿ ನೋಡ್ತಿದೀನಿ. ಮುಂದೆ ಹೋದವರು ನಿಮ್ಮ ಕೈಗೆ ಸಿಗದೇ ಹೋದ್ರೆ?”

ಸೈಕಲ್ ಅಂದರೆ ಮೂಗು ಮುರಿಯುತ್ತಿದ್ದ ಮಗಳಿಗೇ ಹಾಗನ್ನಿಸಿದರೆ? ಮ್ಯಾನೇಜರ್ ರೇಡಿಯೋ ಹಿಡಿದು ಅರಚಿದರು. “ಎಲ್ಲರೂ ಮುಂದೆ ಬನ್ನಿ! ಎಳೀರಿ! ಅವನನ್ನು ಹಿಡೀರಿ!”

ಹುಡುಗರು ಸರದಿಯಲ್ಲಿ ಮುಂದೆ ಬಂದು, ಗಾಳಿ ಸೀಳಿ ಇಡೀ ಗುಂಪನ್ನು ಎಳೆದರು. ಗುಂಪಿನ ಹರಟೆ ನಿಂತಿತು. ವೇಗ ನಲವತ್ತೆಂಟು, ಐವತ್ತು. ಅರವತ್ತನೇ ಕಿಲೋಮೀಟರಿನಲ್ಲಿ ಮೌನಿ ಸಿಕ್ಕಿಬಿದ್ದ. ಸಿಕ್ಕಿಬಿದ್ದವನು ತಲೆ ತಗ್ಗಿಸಿ ಗುಂಪಿನ ಬಾಲಕ್ಕೆ ಸರಿಯಬೇಕು. ಇವನು ಮಿಡತೆಯ ಬೆನ್ನಿಗೇ ಅಂಟಿ ಕೂತ. ಗಾಳಿಯಿಲ್ಲದ ಜಾಗದಲ್ಲಿ ಹಾಯಾಗಿ ನೀರು ಕುಡಿದ. ಕೈಗಡಿಯಾರ ನೋಡಿದ. ಮತ್ತೆ ಸಿಡಿದ!

“ಅಯ್ಯೋ, ಮತ್ತೆ ಹೋದ ಸಾರ್!”

“ಎಳೀರಿ!”

ಮತ್ತೆ ಹಿಡಿದರು. ಮತ್ತೆ ಸುಧಾರಿಸಿಕೊಂಡ, ಮತ್ತೆ ಹಾರಿದ. ಮೂರನೇ ಸಲಕ್ಕೆ ಮ್ಯಾನೇಜರರ ಗಂಟಲು ಕಟ್ಟಿ, ಅವರ ಪರವಾಗಿ ಮೆಕ್ಯಾನಿಕ್ಕೇ “ಎಳೀರಿ!” ಎಂದು ಕಿರುಚಿದ. ಊರಿನ ಮೊದಲ ಮನೆಗಳು ಬರ್ರನೆ ಸರಿದುಹೋದವು. ಜನ ಬಾಲ್ಕನಿಗಳಿಂದ ತಟ್ಟೆ, ಪಾತ್ರೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿಯುತ್ತಿದ್ದರು. ಮೂರು ಕಿಲೋಮೀಟರ್ ಇರುವಾಗ ಮೌನಿ ಕೊನೆಗೂ ಸಿಕ್ಕಿದ. ಕೊನೆಯ ತಿರುವು. ಮೊಣಕೈಗೆ ಮೊಣಕೈ. ಎಡಗಡೆ ಬೇಲಿಯ ಪಕ್ಕ ಒಂದು ಗೇಣು ಜಾಗ ಕಂಡದ್ದೇ ತಡ, ಮಿಡತೆ ಜಿಗಿದ.

ಒಂದು ಟೈರಿನ ಅಗಲ. ಅಷ್ಟರಲ್ಲೇ ಗೆದ್ದ.

ಮೆಕ್ಯಾನಿಕ್ ಚಕ್ರಕ್ಕೆ ಮುತ್ತಿಟ್ಟ. ಮ್ಯಾನೇಜರ್ ಪರಿಚಯವಿಲ್ಲದ ಪೊಲೀಸಿನವನನ್ನು ಎತ್ತಿ ಒಂದು ಸುತ್ತು ತಿರುಗಿಸಿದರು. ಮಿಡತೆ ವೇದಿಕೆಯಿಂದ ಹೂಗುಚ್ಛವನ್ನು ಅವರತ್ತ ಎಸೆದ. ಗಂಟೆ ನಾಲ್ಕೂ ಮೂವತ್ತೆರಡು. ಅಂದಾಜಿಗಿಂತ ಅರ್ಧ ಗಂಟೆ ಮೊದಲೇ ಓಟ ಮುಗಿದಿತ್ತು. ಸೋತ ಮೌನಿ ಮಾತ್ರ ಎಲ್ಲೂ ಕಾಣಲಿಲ್ಲ. ಗೆರೆ ದಾಟಿದವನು ನಿಲ್ಲದೆ ಹಾಗೇ ಹೋಗಿದ್ದನಂತೆ.

“ಅವಮಾನ, ಪಾಪ,” ಎಂದರು ಮ್ಯಾನೇಜರ್ ಧಾರಾಳವಾಗಿ.

ಮತ್ತೆ ಫೋನ್. “ಅಪ್ಪಾ, ಗೆದ್ರಲ್ಲ! ಖುಷಿಯಾ?”

“ಖುಷಿನಾ? ಇವತ್ತು ಏನು ಬೇಕಾದ್ರೂ ಕೇಳು, ಇಲ್ಲ ಅನ್ನಲ್ಲ!”

“ಒಂದು ಸಹಿ ಸಾಕು. ಪುರಸಭೆ ಕಟ್ಟಡ, ಎರಡನೇ ಮಹಡಿ. ಐದಕ್ಕೆ ಬಾಗಿಲು ಹಾಕ್ತಾರೆ. ನಾಳೆ ನೀವೆಲ್ಲ ಮುಂದಿನ ಊರಿಗೆ ಹೋಗ್ತೀರಲ್ಲ, ಬೇಗ ಬಾ.”

ಬಾಡಿಗೆ ಮನೆಯ ಕಾಗದವಿರಬೇಕು. ಮ್ಯಾನೇಜರ್ ಹೂಗುಚ್ಛ ಹಿಡಿದೇ ಓಡಿದರು, ಎರಡೆರಡು ಮೆಟ್ಟಿಲು ಹಾರಿದರು. ಹೊಸ ಉಡುಪಿನಲ್ಲಿ ಮಗಳು ಬಾಗಿಲಲ್ಲೇ ನಿಂತಿದ್ದಳು.

“ಅಪ್ಪಾ, ಬೈಬೇಡ. ಮೊದಲೇ ಹೇಳಿದ್ರೆ ‘ಎದುರಾಳಿ ತಂಡ’ ಅಂತ ನೀನು ಹತ್ತು ವರ್ಷ ಯೋಚನೆ ಮಾಡ್ತಿದ್ದೆ. ನೀನಿಲ್ಲದೆ ಮದುವೆ ಮಾಡಿಕೊಳ್ಳೋಕೆ ನನಗೆ ಮನಸ್ಸಿರಲಿಲ್ಲ.”

ಅವಳ ಹಿಂದೆ ಬೆಂಚಿನಿಂದ ಯಾರೋ ಎದ್ದರು. ಬೆವರಿನ ಉಪ್ಪುಗಟ್ಟಿದ ಜೆರ್ಸಿ, ಟಕಟಕ ಸದ್ದು ಮಾಡುವ ಸೈಕಲ್ ಬೂಟು, ನುಣುಪು ಗಲ್ಲ. ಮ್ಯಾನೇಜರ್ ಗೋಡೆ ಗಡಿಯಾರ ನೋಡಿದರು, ಮಗಳನ್ನು ನೋಡಿದರು. ಹೊಟ್ಟೆಯೊಳಗಿಂದ ನಗು ಉಕ್ಕಿ, ಹೂಗುಚ್ಛವೇ ಗಡಗಡ ಅಲುಗತೊಡಗಿತು.

“ಒಬ್ಬನೇ ಆಗಿದ್ರೆ ಐದರೊಳಗೆ ಮುಟ್ತಿರಲಿಲ್ಲ,” ಎಂದ ಮೌನಿ. “ನಿಮ್ಮ ಹುಡುಗರು ಚೆನ್ನಾಗಿ ಎಳೆದರು, ಮಾವ.”