ರೇವಣಸಿದ್ದನ ಸಾಕ್ಷಿ

ಸತ್ತವರು ಸಾಕ್ಷಿ ಹೇಳಲು ನ್ಯಾಯಾಲಯ ಐದು ನಿಮಿಷ ಕೊಡುತ್ತದೆ. ಅವರು ಸತ್ತ ದಿನದ ಬೆಳಗ್ಗೆಯಿಂದ ಮಾತಾಡುತ್ತಾರೆ. ಮುಂದೇನಾಯಿತೆಂದು ಅವರಿಗೆ ಗೊತ್ತಿರುವುದಿಲ್ಲ.

"ಅವನಿಗೆ ಸಾವಿನ ಸುಳಿವು ಕೊಟ್ಟರೆ ಸಾಕ್ಷ್ಯ ರದ್ದಾಗುತ್ತೆ ಕಣಮ್ಮ," ಎಂದು ವಕೀಲರು ಗಂಗಾಂಬಿಕೆಗೆ ಎರಡೆರಡು ಸಲ ಹೇಳಿದ್ದರು. "ಆಮೇಲೆ ಪರಿಹಾರವೂ ಇಲ್ಲ, ಕಾರ್ಖಾನೆಯವರು ಹೇಳಿದ್ದೇ ನಿಜ ಆಗುತ್ತೆ."

ಅವಳ ಗಂಡ ರೇವಣಸಿದ್ದ ಕುಡಿದು ಚಿಮಣಿಯಿಂದ ಬಿದ್ದ ಎಂಬುದು ಕಾರ್ಖಾನೆಯವರ ವಾದ.

ಕಟಕಟೆಯ ಫೋನಿನಲ್ಲಿ ಗಂಡನ ದನಿ ಬಂತು. "ಏನೇ, ಕೆಲಸದ ಹೊತ್ತಲ್ಲಿ ಫೋನು?"

"ಸೇಫ್ಟಿ ಬೆಲ್ಟ್ ಕೊಟ್ಟಿದಾರಾ ಅಂತ ಕೇಳೋಣ ಅಂತ."

"ಹರಿದಿದೆ ಅಂತ ತಿಂಗಳಿಂದ ಹೇಳ್ತಾನೇ ಇದೀನಿ. ಇವತ್ತು ಹಂಗೇ ಹತ್ತು, ಇಲ್ದಿದ್ರೆ ನಾಳೆಯಿಂದ ಬರಬೇಡ ಅಂದ್ರು ಮ್ಯಾನೇಜರು."

ನ್ಯಾಯಾಧೀಶರು ಬರೆದುಕೊಂಡರು. ವಕೀಲರು ಸಾಕೆಂದು ಕೈಸನ್ನೆ ಮಾಡಿದರು.

"ಚಿಮಣಿ ಹತ್ರ ಕೂಗ್ತಿದಾರೆ, ಹತ್ತಬೇಕು," ಎಂದ ರೇವಣಸಿದ್ದ. "ಬರಲಾ?"

ಹತ್ತಬೇಡಿ ಎಂಬ ಮಾತು ಗಂಗಾಂಬಿಕೆಯ ನಾಲಿಗೆಯ ತುದಿಯಲ್ಲಿತ್ತು. ಹಿಂದಿನ ಬೆಂಚಿನಲ್ಲಿ ಮಗಳು ಅಪ್ಪನ ದನಿ ಕೇಳಿ ಎದ್ದು ನಿಂತಿದ್ದಳು. ಶಾಲೆಯಲ್ಲಿ ಎಲ್ಲರೂ ಅವಳನ್ನು ಕುಡುಕನ ಮಗಳು ಎನ್ನುತ್ತಿದ್ದರು.

ಗಂಗಾಂಬಿಕೆ ಕಟಕಟೆಯ ಮರವನ್ನು ಬಿಗಿಯಾಗಿ ಹಿಡಿದುಕೊಂಡಳು.

"ಹೂಂ," ಎಂದಳು. "ಹೋಗಿ ಬನ್ನಿ."