ಅಗಲ ಕೊಳವೆಯ ಸುಳಿ

ಬೆಳಿಗ್ಗೆ ಗಾಜಿನ ಡಬ್ಬಿಯಲ್ಲಿ ಕೂತು ಕೆಲಸಕ್ಕೆ ಹೊರಟ ಗುರುಪಾದ ಮಧ್ಯಾಹ್ನವಾದರೂ ತಲುಪಿರಲಿಲ್ಲ. “ನಡುವ ಎಲ್ಲೋ ಇಳದು ಹೋಗಿರಬೇಕು ಬಿಡ್ರಿ,” ಎಂದರು ನಿಲ್ದಾಣದವರು. ಅವನ ಹೆಂಡತಿ ನೀಲಗಂಗಾ ನಂಬಲಿಲ್ಲ. ಅತ್ತೆ ಕಾಶವ್ವನನ್ನು ಕೂರಿಸಿಕೊಂಡು, ಊರವರೆಲ್ಲ ಓಡಾಡುವ ನೀರಿನ ಕೊಳವೆಗೆ ಮನೆಯಲ್ಲಿದ್ದ ಇನ್ನೊಂದು ಡಬ್ಬಿಯನ್ನು ಇಳಿಸಿದಳು.

ಸಣ್ಣ ಕೊಳವೆ ಒಮ್ಮೆಲೇ ದೊಡ್ಡದಕ್ಕೆ ತೆರೆದುಕೊಳ್ಳುವಲ್ಲಿ ಎಂದಿನಂತೆ ಡಬ್ಬಿ ಗಡಗಡ ನಡುಗಿತು. ನೀರಿನ ರಭಸ ಒಂದಿಷ್ಟು ಅಲ್ಲಿನ ಮೂಲೆಯ ಸುಳಿಗಳಲ್ಲೇ ಕರಗಿಹೋಗುತ್ತಿತ್ತು. ಅಲ್ಲಿ ಎಲ್ಲರೂ ಪಟ್ಟಿ ಬಿಗಿಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇಂದು ನೀಲಗಂಗಾ ಮುಚ್ಚಲಿಲ್ಲ. ಮೂಲೆಯ ಸುಳಿಯಲ್ಲಿ ಒಂದು ಡಬ್ಬಿ ಗಿರಗಿರನೆ ಸುತ್ತುತ್ತಿತ್ತು. ಒಳಗೆ ಗುರುಪಾದ ಗಾಜು ಬಡಿಯುತ್ತಿದ್ದ.

“ಅಯ್ಯ ನನ್ನ ಕೂಸ!” ಕಾಶವ್ವ ಚೀರಿದಳು.

“ಅತ್ತಿ, ಗಟ್ಟಿ ಹಿಡ್ಕೋರಿ. ನಾವು ಡಿಕ್ಕಿ ಹೊಡದ್ರ ಅವ್ರು ಹೊರಗ ಬೀಳ್ತಾರ.”

“ಮತ್ತ ನಾವು?”

ನೀಲಗಂಗಾ ಚುಕ್ಕಾಣಿ ತಿರುಗಿಸಿದಳು. ಡಿಕ್ಕಿಯ ಹೊಡೆತಕ್ಕೆ ಗಂಡನ ಡಬ್ಬಿ ಹರಿವಿಗೆ ಚಿಮ್ಮಿತು. ಅವರದು ಸುಳಿಯಲ್ಲಿ ಸಿಕ್ಕಿಕೊಂಡಿತು.

ಗುರುಪಾದ ಮುಂದಿನ ನಿಲ್ದಾಣ ಮುಟ್ಟಿ, ಕೂಗಾಡಿ ಪಂಪು ನಿಲ್ಲಿಸಿದ. ನೀರು ಇಳಿಯಿತು. ಅತ್ತೆ ಸೊಸೆ ಇಬ್ಬರೂ ಡಬ್ಬಿಯಿಂದ ಹೊರಬಂದಾಗ ಮೂಲೆಯ ಕೆಸರಿನಲ್ಲಿ ಪಾಚಿಗಟ್ಟಿದ ಇನ್ನಷ್ಟು ಡಬ್ಬಿಗಳು ಕಂಡವು.

ಕಾಶವ್ವ ಒಂದರ ಪಾಚಿ ಒರೆಸಿ ಇಣುಕಿದಳು. ಒಳಗೆ ಎಲುಬುಗಳ ನಡುವೆ ಅವಳೇ ಅಂಚು ಹೊಲಿದ ಕೆಂಪು ರುಮಾಲು ಇತ್ತು. ಯಾರನ್ನೋ ಕಟ್ಟಿಕೊಂಡು ಓಡಿಹೋದನೆಂದು ಊರೆಲ್ಲ ಆಡಿಕೊಂಡಿದ್ದ ಅವಳ ಗಂಡನ ರುಮಾಲು ಅದು. ಇಷ್ಟು ವರ್ಷ ಅವಳೂ ಅವನನ್ನು ಶಪಿಸಿದ್ದಳು.

ಅವಳು ಕೆಸರಲ್ಲೇ ಕುಳಿತಳು.

“ಇಂವ ಎಲ್ಲೂ ಹೋಗಿಲ್ಲವ್ವಾ,” ಎಂದಳು ಸೊಸೆಗೆ. “ಇಲ್ಲೇ ಅದಾನ.”